ಐದು ಪೊಟ್ಟಣ ಸಾರಜನಕ: ಪಾಚಿಯ ಕಿಣ್ವ ಪರೀಕ್ಷೆಗೆಂದು ಮಾರುವ ಒಂದು ಕಿಟ್‌ನ ವಿಮರ್ಶೆ

ಸ್ನಾತಕೋತ್ತರ ತರಗತಿಯಲ್ಲಿ ಕಿಣ್ವಗಳ ನಿಯಂತ್ರಣದ ಪಾಠ ಬಂದಾಗ ನಾವು ಬಹುತೇಕ ಅಧ್ಯಾಪಕರು ಬ್ಯಾಕ್ಟೀರಿಯಾದ ಲ್ಯಾಕ್ ಓಪೆರಾನ್ (ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಅದನ್ನು ಒಡೆಯುವ ಕಿಣ್ವ ತಯಾರಿಸುವ ವಂಶವಾಹಿಗಳ ಗುಂಪು) ಚಿತ್ರವನ್ನು ಹಲಗೆಯ ಮೇಲೆ ಬರೆದು ಮುಗಿಸಿಬಿಡುತ್ತೇವೆ. ಹಸಿರು ಜೀವಕೋಶವೊಂದು ತನಗೆ ಸಿಕ್ಕ ಆಹಾರವನ್ನು ನೋಡಿ ಯಾವ ಕಿಣ್ವವನ್ನು ತಯಾರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡುವ ಸಂದರ್ಭ ನಮ್ಮ ಪದವಿ ಕಾಲೇಜುಗಳಲ್ಲಿ ತೀರ ಕಡಿಮೆ. ಆದ್ದರಿಂದ ಪ್ರಯೋಗಶಾಲೆಗೆ ಸಾಮಗ್ರಿ ಒದಗಿಸುವ ಒಂದು ಸಂಸ್ಥೆಯವರು, ಕ್ಲೋರೆಲ್ಲಾ ಪಾಚಿಯನ್ನು ಬೇರೆ ಬೇರೆ ಸಾರಜನಕ ಮೂಲಗಳ ಮೇಲೆ ಬೆಳೆಸಿ, ನೈಟ್ರೇಟನ್ನು ನೈಟ್ರೈಟ್ ಆಗಿ ಮಾರ್ಪಡಿಸುವ ಅದರ ನೈಟ್ರೇಟ್ ರಿಡಕ್ಟೇಸ್ ಕಿಣ್ವವನ್ನು ಅಳೆಯುವ ಸಿದ್ಧ ಕಿಟ್ ಇದೆ ಎಂದು ಬೆಲೆಪಟ್ಟಿ ಕಳಿಸಿದಾಗ, ವಿಭಾಗದ ಖರ್ಚಿನಲ್ಲಿ 3,200 ರೂಪಾಯಿ ಕೊಟ್ಟು ಒಂದು ಪೆಟ್ಟಿಗೆ ತರಿಸಿದೆ. ಒಂದು ಸೆಮಿಸ್ಟರ್ ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಕೊರತೆಗಳಲ್ಲಿ ಅರ್ಧದಷ್ಟು ಇಂಥ ಕಿಟ್‌ಗಳಿಗೆಲ್ಲ ಸಾಮಾನ್ಯವಾಗಿರುವಂಥವು.

ಪೆಟ್ಟಿಗೆಯೊಳಗೆ ತಲಾ ಒಂದು ಲೀಟರ್ ಮಾಧ್ಯಮಕ್ಕಾಗುವ (ಪಾಚಿ ಬೆಳೆಸುವ ಪೋಷಕ ದ್ರಾವಣಕ್ಕಾಗುವ) ಐದು ಪೊಟ್ಟಣಗಳು, ಅಗಾರ್ ಮೇಲೆ ಬೆಳೆದ ಕ್ಲೋರೆಲ್ಲಾ ವಲ್ಗಾರಿಸ್ ಇರುವ ಒಂದು ಪ್ರನಾಳ, ಬಣ್ಣ ಬರಿಸುವ ಎರಡು ದ್ರಾವಣಗಳು, ಪ್ರಮಾಣ ನಿರ್ಧಾರಕ್ಕೆ ನೈಟ್ರೈಟ್ ದ್ರಾವಣ, ಯೂರಿಯಾ ಒಡೆಯುವ ಯೂರಿಯೇಸ್ ಕಿಣ್ವದ ಪರೀಕ್ಷೆಗೆಂದು ಫೀನಾಲ್ ರೆಡ್ ಸೂಚಕ ಮತ್ತು 24 ಪುಟಗಳ ಕೈಪಿಡಿ ಇದ್ದವು. ಐದು ಪೊಟ್ಟಣಗಳ ಮೇಲೆ ಕ್ರಮವಾಗಿ ನೈಟ್ರೇಟ್, ಅಮೋನಿಯಂ, ಎರಡರ ಮಿಶ್ರಣ, ಯೂರಿಯಾ ಹಾಗೂ ಸಾರಜನಕರಹಿತ ಎಂದು ಅಚ್ಚಾಗಿತ್ತು. ಬುಡದಲ್ಲಿರುವುದು ರೋಜರ್ ಸ್ಟೇನಿಯರ್ ಮತ್ತು ಸಂಗಡಿಗರು 1971ರಲ್ಲಿ ಪ್ರಚಾರಕ್ಕೆ ತಂದ ಬಿಜಿ-11 ಮಾಧ್ಯಮ. ಅದರ ಮೂಲ ಸೂತ್ರದಲ್ಲಿ ಲೀಟರಿಗೆ ಒಂದೂವರೆ ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ, ಅಂದರೆ ಸುಮಾರು 17.6 ಮಿಲಿಮೋಲಾರ್ (ಲೀಟರಿಗೆ ಇಷ್ಟು ಮಿಲಿಮೋಲ್ ಎಂಬ ಸಾಂದ್ರತೆಯ ಅಳತೆ). ಕಿಟ್ ತಯಾರಿಸಿದವರು ಉಳಿದ ಪೊಟ್ಟಣಗಳಲ್ಲಿಯೂ ಇಷ್ಟೇ ಸಾರಜನಕ ಬರುವಂತೆ ತೂಗಿದ್ದಾರೆ. ಅಮೋನಿಯಂ ಕ್ಲೋರೈಡ್ 0.94 ಗ್ರಾಂ ಇದೆ. ಯೂರಿಯಾದ ಒಂದು ಅಣುವಿನಲ್ಲಿ ಎರಡು ಸಾರಜನಕ ಪರಮಾಣುಗಳಿರುವುದನ್ನು ಮರೆಯದೆ ಅದನ್ನು 0.53 ಗ್ರಾಂಗೆ ಇಳಿಸಿದ್ದಾರೆ. ಈ ಲೆಕ್ಕ ಸರಿಯಾಗಿದೆ, ಇದಕ್ಕೆ ಅಂಕ ಕೊಡಲೇಬೇಕು; ನಾನು ನೋಡಿದ ಕೆಲವು ಪ್ರಬಂಧಗಳಲ್ಲಿಯೂ ಯೂರಿಯಾವನ್ನು ನೈಟ್ರೇಟ್‌ನಷ್ಟೇ ಮೋಲ್ ಹಾಕಿ ಸಾರಜನಕವನ್ನು ಇಮ್ಮಡಿಗೊಳಿಸಿದ್ದುಂಟು.

ಆದರೆ ಇಡೀ ಕಿಟ್‌ನ ತಪ್ಪು ಹುಟ್ಟಿರುವುದೂ ಇದೇ ಸಮಾನತೆಯ ಹಟದಿಂದ. ಸಾರಜನಕದ ಪ್ರಮಾಣ ಒಂದೇ ಆದರೆ ಹೋಲಿಕೆ ನ್ಯಾಯವಾಗುತ್ತದೆ ಎಂದು ಕೈಪಿಡಿ ಮೂರು ಕಡೆ ಹೇಳುತ್ತದೆ. ಪಾಚಿಯ ದೃಷ್ಟಿಯಲ್ಲಿ ಪ್ರಮಾಣ ಎರಡನೆಯ ಮಾತು. ಸಾರಜನಕ ಯಾವ ರೂಪದಲ್ಲಿ ಬಂತು ಎಂಬುದೇ ಮೊದಲನೆಯದು. ನೈಟ್ರೇಟ್ ಒಳಗೆ ಬಂದರೆ ಅದನ್ನು ಅಮೋನಿಯಂ ಆಗಿ ಮಾರ್ಪಡಿಸಲು ಒಟ್ಟು ಎಂಟು ಎಲೆಕ್ಟ್ರಾನ್‌ಗಳು ಬೇಕು. ನೈಟ್ರೇಟ್ ರಿಡಕ್ಟೇಸ್ ಕೋಶದ್ರವದಲ್ಲಿ ಎರಡು ಎಲೆಕ್ಟ್ರಾನ್ ಕೊಟ್ಟು ನೈಟ್ರೈಟ್ ಮಾಡುತ್ತದೆ. ಉಳಿದ ಆರನ್ನು ಹರಿತ್ಕಣದೊಳಗೆ ನೈಟ್ರೈಟ್ ರಿಡಕ್ಟೇಸ್ ಎಂಬ ಇನ್ನೊಂದು ಕಿಣ್ವ, ಎಲೆಕ್ಟ್ರಾನ್ ಸಾಗಿಸುವ ಫೆರಡಾಕ್ಸಿನ್ ಪ್ರೋಟೀನಿನಿಂದ ಪಡೆಯುತ್ತದೆ. ಅಮೋನಿಯಂ ನೇರವಾಗಿ ಬಂದರೆ ಈ ಶ್ರಮವೇ ಇಲ್ಲ, ಗ್ಲುಟಮಿನ್ ಸಿಂಥೆಟೇಸ್ ಎಂಬ ಕಿಣ್ವ ಅದನ್ನು ಎತ್ತಿಕೊಂಡು ಅಮೈನೋ ಆಮ್ಲದ ದಾರಿಗೆ ಹಾಕುತ್ತದೆ. ಡಬ್ಬಿಯಲ್ಲಿ ಹಿಟ್ಟಿರುವಾಗ ಜೋಳ ಹೊತ್ತುಕೊಂಡು ಗಿರಣಿಗೆ ಹೋಗುವವರು ಯಾರು ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಅಮೋನಿಯಂ ಕಂಡ ಕೂಡಲೇ ಪಾಚಿ ಗಿರಣಿಯ ಬಾಗಿಲು ಮುಚ್ಚುತ್ತದೆ, ಅಂದರೆ ನೈಟ್ರೇಟ್ ಒಳಬರುವ ದಾರಿಯನ್ನೂ ಅದನ್ನು ಒಡೆಯುವ ಕಿಣ್ವವನ್ನೂ ನಿಲ್ಲಿಸುತ್ತದೆ. ಈ ಬಾಗಿಲು ಮುಚ್ಚುವುದನ್ನು ತೋರಿಸುವ ಶಕ್ತಿ ಕಿಟ್‌ಗೆ ಎಷ್ಟಿದೆ ಎಂಬುದೇ ನನ್ನ ಅಳತೆಗೋಲು.

ಮೊದಲು ನೈಟ್ರೇಟ್ ಪೊಟ್ಟಣ. ಇದರ ಬಗ್ಗೆ ದೂರು ಹೆಚ್ಚಿಲ್ಲ. ಪುಡಿ ಬೇಗ ಕರಗಿತು, ಪ್ರೆಶರ್ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿದ ಮೇಲೂ ತಳದಲ್ಲಿ ಗಸಿ ಅಷ್ಟಾಗಿ ಕೂರಲಿಲ್ಲ, ಐದನೆಯ ದಿನಕ್ಕೆ ಫ್ಲಾಸ್ಕ್ ಎಳೆಹುಲ್ಲಿನ ಬಣ್ಣಕ್ಕೆ ತಿರುಗಿತು. ಪಾಚಿ ನೈಟ್ರೇಟ್ ಹೀರಿಕೊಂಡಂತೆ ದ್ರಾವಣ ಕ್ಷಾರದ ಕಡೆಗೆ ಸರಿಯುತ್ತದೆ. ನಮ್ಮಲ್ಲಿಯೂ ಪಿಎಚ್ ಕಾಗದ ಹಾಗೆಯೇ ತೋರಿಸಿತು. ಒಂದು ಎಚ್ಚರಿಕೆಯನ್ನು ಮಾತ್ರ ಕೈಪಿಡಿಯವರು ದಪ್ಪಕ್ಷರದಲ್ಲಿ ಹಾಕಬೇಕಿತ್ತು: ಪೊಟ್ಟಣವನ್ನು ಅರ್ಧ ಮಾಡಿ ತೂಗಬಾರದು. ನೈಟ್ರೇಟ್ ರಿಡಕ್ಟೇಸ್ ಕೆಲಸ ಮಾಡಬೇಕಾದರೆ ಅದರ ಒಡಲಲ್ಲಿ ಮಾಲಿಬ್ಡಿನಮ್ ಇರಲೇಬೇಕು, ಮತ್ತು ಬಿಜಿ-11ರ ಒಂದು ಲೀಟರಿಗೆ ಸೋಡಿಯಂ ಮಾಲಿಬ್ಡೇಟ್ ಬೀಳುವುದು 0.39 ಮಿಲಿಗ್ರಾಂ ಮಾತ್ರ. ಒಂದೂವರೆ ಗ್ರಾಂ ನೈಟ್ರೇಟ್ ಪುಡಿಯೊಳಗೆ ಅಷ್ಟು ಚಿಕ್ಕ ಭಾಗ ಎಲ್ಲೆಡೆ ಸಮನಾಗಿ ಹರಡಿದೆ ಎಂದು ಯಾರೂ ಭರವಸೆ ಕೊಡಲಾರರು. ಚಮಚದಲ್ಲಿ ಅರ್ಧ ತೆಗೆದ ವಿದ್ಯಾರ್ಥಿಯ ಫ್ಲಾಸ್ಕ್‌ಗೆ ಮಾಲಿಬ್ಡಿನಮ್ ಬರದೇ ಹೋದರೆ, ಅಲ್ಲಿ ಕಿಣ್ವ ಕಡಿಮೆಯಾದದ್ದಕ್ಕೆ ಅವನು ಬೇರೇನೋ ಕಾರಣ ಬರೆಯುತ್ತಾನೆ. ಅಲ್ಲದೆ ಸೋಡಿಯಂ ನೈಟ್ರೇಟ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಉಪ್ಪು. ಮಳೆಗಾಲದಲ್ಲಿ ತೆರೆದಿಟ್ಟ ನೈಟ್ರೇಟ್ ಪೊಟ್ಟಣ ವಾರದೊಳಗೆ ಕಲ್ಲುಸಕ್ಕರೆಯಂತೆ ಗಟ್ಟಿಯಾಗಿತ್ತು.

ಅಮೋನಿಯಂ ಪೊಟ್ಟಣದ ಬಗ್ಗೆ ಇಷ್ಟು ಸೌಮ್ಯವಾಗಿ ಬರೆಯಲಾರೆ. ಅದರಲ್ಲಿ ಬೆಳೆದ ಪಾಚಿ ಮೊದಲ ಎರಡು ದಿನ ನೈಟ್ರೇಟ್ ಫ್ಲಾಸ್ಕನ್ನೂ ಹಿಂದಿಕ್ಕಿತು, ಮೂರನೆಯ ದಿನ ನಿಂತಿತು, ಐದನೆಯ ದಿನ ಬಣ್ಣಗೆಟ್ಟು ತಳ ಸೇರತೊಡಗಿತು. ಪಿಎಚ್ ಕಾಗದ ಅದ್ದಿದರೆ ನಾಲ್ಕಕ್ಕಿಂತ ಕೆಳಗೆ. ಕಾರಣ ರಹಸ್ಯವೇನಲ್ಲ. ಪಾಚಿ ಪ್ರತಿಯೊಂದು ಅಮೋನಿಯಂ ಅಯಾನನ್ನು ತೆಗೆದುಕೊಂಡಾಗಲೂ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಅಯಾನನ್ನು ಹೊರಗೆ ಬಿಡುತ್ತದೆ. ಆ ಆಮ್ಲವನ್ನು ತಡೆದುಕೊಳ್ಳಲು ಬಿಜಿ-11ರಲ್ಲಿ ಇರುವುದು ಲೀಟರಿಗೆ 40 ಮಿಲಿಗ್ರಾಂ ಪೊಟ್ಯಾಸಿಯಂ ಫಾಸ್ಫೇಟ್ ಮತ್ತು 20 ಮಿಲಿಗ್ರಾಂ ಸೋಡಿಯಂ ಕಾರ್ಬೋನೇಟ್ ಅಷ್ಟೆ, ಎರಡೂ ಸೇರಿ ಅರ್ಧ ಮಿಲಿಮೋಲಾರ್ ಕೂಡ ಆಗುವುದಿಲ್ಲ. ಹದಿನೇಳು ಮಿಲಿಮೋಲಾರ್ ಅಮೋನಿಯಂ ಹಾಕಿ ಇಷ್ಟು ಕಡಿಮೆ ಬಫರ್ (ಪಿಎಚ್ ಬದಲಾಗದಂತೆ ತಡೆಯುವ ವಸ್ತು) ಇಟ್ಟರೆ, ಅಳೆಯುವುದು ಸಾರಜನಕ ಮೂಲದ ಪರಿಣಾಮವನ್ನೋ ಹುಳಿಯ ಪರಿಣಾಮವನ್ನೋ ಎಂದು ಹೇಳಲು ಬರುವುದಿಲ್ಲ. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿ ಬೆಳೆಸುವವರು 1965ರಿಂದ ಬಳಸುತ್ತಿರುವ ಟ್ಯಾಪ್ (ಟ್ರಿಸ್-ಅಸಿಟೇಟ್-ಫಾಸ್ಫೇಟ್) ಮಾಧ್ಯಮದಲ್ಲಿ ಸಾರಜನಕ ಮೂಲ ಅಮೋನಿಯಂ ಕ್ಲೋರೈಡ್ ಆಗಿದ್ದು, ಅದರ ಪ್ರಮಾಣ ಸುಮಾರು ಏಳೂವರೆ ಮಿಲಿಮೋಲಾರ್. ಜೊತೆಗೆ 20 ಮಿಲಿಮೋಲಾರ್ ಟ್ರಿಸ್ ಬಫರ್ ಇದೆ. ಈ ಪಾಠ ಅರವತ್ತು ವರ್ಷ ಹಳೆಯದು. ಕಿಟ್‌ನ ಎಲ್ಲ ಪೊಟ್ಟಣಗಳಿಗೂ ಒಂದೇ ಬಫರನ್ನು ಸೇರಿಸಿದ್ದರೆ ಬೆಲೆ ನೂರು ರೂಪಾಯಿ ಏರುತ್ತಿತ್ತೇನೋ, ಪ್ರಯೋಗ ಮಾತ್ರ ಪ್ರಾಮಾಣಿಕವಾಗುತ್ತಿತ್ತು. ನಾವು ಕಪಾಟಿನಲ್ಲಿದ್ದ ಹೆಪೀಸ್ ಬಫರನ್ನು ಐದೂ ಫ್ಲಾಸ್ಕ್‌ಗಳಿಗೆ 20 ಮಿಲಿಮೋಲಾರ್‌ನಂತೆ ಸೇರಿಸಿ ಮತ್ತೆ ಮೊದಲಿನಿಂದ ಆರಂಭಿಸಿದೆವು. ಇನ್ನು ಮುಂದೆ ಹೇಳುವುದೆಲ್ಲ ಆ ಎರಡನೆಯ ಸುತ್ತಿನದು.

ಬಣ್ಣ ಬರಿಸುವ ಭಾಗ ಕಿಟ್‌ನ ಆಕರ್ಷಣೆ. ತತ್ತ್ವ ಸರಳವಾಗಿದೆ: ಕಿಣ್ವ ನೈಟ್ರೇಟನ್ನು ನೈಟ್ರೈಟ್ ಮಾಡುತ್ತದೆ, ಆಮ್ಲದಲ್ಲಿ ಸಲ್ಫಾನಿಲಮೈಡ್ ನೈಟ್ರೈಟಿನೊಂದಿಗೆ ಸೇರಿ ಡೈಯಜೋ ಸಂಯುಕ್ತವಾಗುತ್ತದೆ, ಅದಕ್ಕೆ ಎನ್‌ಇಡಿ ಎಂಬ ಎರಡನೆಯ ದ್ರಾವಣ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಆ ಬಣ್ಣವನ್ನು 540 ನ್ಯಾನೋಮೀಟರಿನಲ್ಲಿ ಓದಬೇಕು. ಯೊಹಾನ್ ಪೀಟರ್ ಗ್ರೀಸ್ 1879ರಲ್ಲಿ ತೋರಿಸಿಕೊಟ್ಟ ಈ ಕ್ರಿಯೆ ಇಂದಿಗೂ ಇಷ್ಟು ಅಗ್ಗ, ಇಷ್ಟು ಸೂಕ್ಷ್ಮ, ಬಣ್ಣದ ಗಾಢತೆ ಅಳೆಯುವ ನಮ್ಮ ಹಳೆಯ ಕಲರಿಮೀಟರಿನ ಹಸಿರು ಫಿಲ್ಟರಿಗೂ ಒಗ್ಗುತ್ತದೆ. ನೈಟ್ರೇಟ್ ಫ್ಲಾಸ್ಕಿನ ಪ್ರನಾಳ ಬೀಟ್‌ರೂಟ್ ನೀರಿನ ಬಣ್ಣಕ್ಕೆ ಬಂತು. ಅಮೋನಿಯಂ ಫ್ಲಾಸ್ಕಿನದು ಬರಿಯ ನೀರಿಗಿಂತ ಭಿನ್ನವಾಗಿ ಕಾಣಲಿಲ್ಲ. ಸಾಲಾಗಿ ನಿಲ್ಲಿಸಿದ ಪ್ರನಾಳಗಳ ಮುಂದೆ ವಿದ್ಯಾರ್ಥಿಗಳು ಮೊಬೈಲ್ ಹಿಡಿದು ನಿಂತದ್ದನ್ನು ನೋಡಿ ಕೊಟ್ಟ ಹಣ ಆ ಮಟ್ಟಿಗೆ ಸಾರ್ಥಕವಾಯಿತು ಎನ್ನಿಸಿತು.

ಅಲ್ಲಿಗೆ ಬರುವ ಹಾದಿ ಮಾತ್ರ ಕೈಪಿಡಿ ಹೇಳಿದಷ್ಟು ಸಲೀಸಲ್ಲ. ಎನ್‌ಇಡಿ ದ್ರಾವಣವನ್ನು ಬೆಳಕು ಕೆಡಿಸುತ್ತದೆ; ಅದನ್ನು ಕಂದು ಬಾಟಲಿಯಲ್ಲಿ ಕಳಿಸುವುದು ರೂಢಿ. ನಮಗೆ ಬಂದದ್ದು ಬಿಳಿ ಪ್ಲಾಸ್ಟಿಕ್ ಬಾಟಲಿ, ತೆರೆಯುವಾಗಲೇ ದ್ರಾವಣ ತೆಳು ಚಹಾದ ಬಣ್ಣದಲ್ಲಿತ್ತು. ಫೋನ್ ಮಾಡಿದಾಗ ನಾಲ್ಕು ದಿನದಲ್ಲಿ ಬೇರೆ ಬಾಟಲಿ ಕಳಿಸಿದರು, ಹೆಚ್ಚು ಪ್ರಶ್ನೆ ಕೇಳಲಿಲ್ಲ. ಇದು ಮೆಚ್ಚತಕ್ಕ ಸೇವೆ. ಇನ್ನೊಂದು ತೊಂದರೆ ಕೋಶದ ಗೋಡೆಯದು. ಕೋಶದೊಳಗಿನ ಕಿಣ್ವಕ್ಕೆ ಹೊರಗಿನ ನೈಟ್ರೇಟ್ ತಲುಪಿಸಲು ಶೇಕಡಾ 5 ಪ್ರೊಪನಾಲ್ ಸಾಕು ಎಂದು ಕೈಪಿಡಿ ಹೇಳುತ್ತದೆ. ಅದು ಎಲೆಯ ತುಣುಕುಗಳಿಗೆ ಬರೆದ ವಿಧಾನ, ಹಾಗೆಯೇ ಎತ್ತಿ ಇಲ್ಲಿ ಇಟ್ಟಂತಿದೆ. ಒಂದು ಕಡೆ 'ಎಲೆಯ ಚೂರುಗಳನ್ನು' ಎಂಬ ಪದವೇ ಉಳಿದುಕೊಂಡಿದೆ. ಕ್ಲೋರೆಲ್ಲಾದ ಗೋಡೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿ, ಆ ಮೇಲೆ ಒಂದೆರಡು ಹನಿ ಟೊಲುಯೀನ್ ಹಾಕಿ ಕುಲುಕಿದಾಗಲೇ ನಮಗೆ ಮೇಲೆ ಹೇಳಿದ ಗಾಢ ಬಣ್ಣ ಸಿಕ್ಕಿದ್ದು. ಪ್ರಯೋಗವನ್ನು ಕತ್ತಲಲ್ಲಿ ನಡೆಸಬೇಕೆಂಬ ಸೂಚನೆ ಇದೆ, ಏಕೆ ಎಂಬುದಿಲ್ಲ. ಬೆಳಕಿದ್ದರೆ ಮುಂದಿನ ಕಿಣ್ವವಾದ ನೈಟ್ರೈಟ್ ರಿಡಕ್ಟೇಸ್ ನಮ್ಮ ನೈಟ್ರೈಟನ್ನು ತಿಂದುಹಾಕುತ್ತದೆ, ಬಣ್ಣ ಬರುವ ವಸ್ತುವೇ ಉಳಿಯುವುದಿಲ್ಲ. ಈ ಒಂದು ವಾಕ್ಯ ಕೈಪಿಡಿಯಲ್ಲಿದ್ದರೆ ಎರಡೂ ಕಿಣ್ವಗಳ ಸಂಬಂಧ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತಿತ್ತು.

ಮಾದರಿ ತೆಗೆಯುವ ಹೊತ್ತಿನ ಬಗ್ಗೆಯೂ ಅದು ಮೌನವಾಗಿದೆ. ಈ ಕಿಣ್ವ ಬೆಳಕಿನಲ್ಲಿ ಏರುತ್ತದೆ, ಕತ್ತಲಲ್ಲಿ ಇಳಿಯುತ್ತದೆ. ಮಧ್ಯಾಹ್ನ ಎರಡು ಗಂಟೆ ಕರೆಂಟು ಹೋದ ದಿನ ನಮ್ಮ ನೈಟ್ರೇಟ್ ಫ್ಲಾಸ್ಕಿನ ಓದು ಕುಸಿದಿತ್ತು, ಕಾರಣ ತಿಳಿಯುವವರೆಗೆ ದ್ರಾವಣವನ್ನೇ ಶಂಕಿಸಿದೆವು. ಆಮೇಲೆ ದೀಪ ಹೊತ್ತಿಸಿದ ಮೂರು ಗಂಟೆಗೆ ಸರಿಯಾಗಿ ಮಾದರಿ ತೆಗೆಯುವ ಕ್ರಮ ಇಟ್ಟುಕೊಂಡೆವು.

ಮಿಶ್ರಣದ ಪೊಟ್ಟಣ ನನ್ನ ಮಟ್ಟಿಗೆ ಈ ಕಿಟ್‌ನ ಅತ್ಯಂತ ಒಳ್ಳೆಯ ಕಲ್ಪನೆ ಮತ್ತು ಅತ್ಯಂತ ಕೆಟ್ಟ ಅನುಷ್ಠಾನ. ಇದರಲ್ಲಿ ಅಮೋನಿಯಂ ಕ್ಲೋರೈಡ್ ಮತ್ತು ಸೋಡಿಯಂ ನೈಟ್ರೇಟ್ ಅರ್ಧರ್ಧ ಇವೆ. ಒಂದೇ ಉಪ್ಪಾಗಿ ಅಮೋನಿಯಂ ನೈಟ್ರೇಟ್ ಬಳಸಬಹುದಿತ್ತು, ಆದರೆ ನಮ್ಮ ದೇಶದಲ್ಲಿ 2012ರ ನಿಯಮಗಳ ನಂತರ ಅದು ಸ್ಫೋಟಕಗಳ ಕಾನೂನಿನ ಅಡಿಯಲ್ಲಿ ಬರುವುದರಿಂದ ಎರಡು ಬೇರೆ ಉಪ್ಪುಗಳನ್ನು ಬೆರೆಸಿದ್ದು ಜಾಣತನವೇ. ಎರಡೂ ಮುಂದಿದ್ದರೆ ಪಾಚಿ ಮೊದಲು ಅಮೋನಿಯಂ ಮುಗಿಸುತ್ತದೆ. ಅದು ಮುಗಿಯುವವರೆಗೆ ಪಕ್ಕದಲ್ಲಿ ನೈಟ್ರೇಟ್ ಎಷ್ಟಿದ್ದರೂ ನೈಟ್ರೇಟ್ ರಿಡಕ್ಟೇಸ್ ಏಳುವುದಿಲ್ಲ. ಮುಗಿದ ಮೇಲೆ ಕೆಲವು ಗಂಟೆಗಳಲ್ಲಿ ಏಳುತ್ತದೆ. ಆ ತಿರುವನ್ನು ಹಿಡಿದರೆ ಇಡೀ ಅಧ್ಯಾಯ ಒಂದೇ ರೇಖಾಚಿತ್ರದಲ್ಲಿ ಮುಗಿಯುತ್ತದೆ. ಆದರೆ ಪೊಟ್ಟಣದಲ್ಲಿ ಅಮೋನಿಯಂ ಸುಮಾರು ಒಂಬತ್ತು ಮಿಲಿಮೋಲಾರ್ ಇದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಹೊರಗಿನಿಂದ ಇಂಗಾಲದ ಡೈ ಆಕ್ಸೈಡ್ ಊದದೆ ಬೆಳೆಯುವ ಪಾಚಿ ಕೈಪಿಡಿ ಹೇಳಿದ ಐದು ದಿನಗಳಲ್ಲಿ ಅಷ್ಟನ್ನು ಮುಗಿಸುವುದು ಆಗದ ಮಾತು. ಹಾಗಾಗಿ ಮಿಶ್ರಣದ ಪ್ರನಾಳ ಕೊನೆಯವರೆಗೂ ಬಣ್ಣವಿಲ್ಲದೆ ಉಳಿಯುತ್ತದೆ, ವಿದ್ಯಾರ್ಥಿ 'ಮಿಶ್ರಣದಲ್ಲಿ ಕಿಣ್ವವಿಲ್ಲ' ಎಂದು ಬರೆದು ಪುಟ ತಿರುಗಿಸುತ್ತಾನೆ.

ನಾವು ನೈಟ್ರೇಟ್ ಪೊಟ್ಟಣಕ್ಕೆ ಅಮೋನಿಯಂ ಕ್ಲೋರೈಡನ್ನು ಲೀಟರಿಗೆ ಸುಮಾರು 47 ಮಿಲಿಗ್ರಾಂ, ಅಂದರೆ ಕಿಟ್‌ನವರ ಮಿಶ್ರಣದ ಹತ್ತನೆಯ ಒಂದು ಪಾಲು ಮಾತ್ರ ಸೇರಿಸಿ ನೋಡಿದೆವು. ದ್ರಾವಣದಲ್ಲಿ ಅಮೋನಿಯಂ ಎಷ್ಟು ಉಳಿದಿದೆ ಎಂದು ತಿಳಿಯಲು ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಸಿಗುವ ಅಮೋನಿಯಾ ಪರೀಕ್ಷೆಯ ಹನಿಗಳು ಸಾಕಾದವು; ಪಾದರಸವಿರುವ ನೆಸ್ಲರ್ ದ್ರಾವಣವನ್ನು ಮಕ್ಕಳ ಕೈಗೆ ಕೊಡುವುದಕ್ಕಿಂತ ಇದೇ ಕ್ಷೇಮ. ಮೂರನೆಯ ದಿನ ಸಂಜೆ ಹನಿಗಳು ಹಸಿರಾಗುವುದು ನಿಂತಿತು. ನಾಲ್ಕನೆಯ ದಿನ ಬೆಳಗಿನ ಮಾದರಿಯಲ್ಲಿ ಗುಲಾಬಿ ಕಾಣಿಸಿತು. ಕಿಟ್ ಕೊಳ್ಳುವವರಿಗೆ ನನ್ನ ಒಂದೇ ಸಲಹೆ ಕೇಳುವುದಾದರೆ, ಮೂರನೆಯ ಪೊಟ್ಟಣವನ್ನು ಪಕ್ಕಕ್ಕಿಟ್ಟು ಹೀಗೆ ಮಾಡಿ.

ಇನ್ನೂ ರೋಚಕವಾದದ್ದು ಕೈಪಿಡಿಯಲ್ಲಿ ಇಲ್ಲವೇ ಇಲ್ಲ. ನೈಟ್ರೇಟಿನಲ್ಲಿ ಚೆನ್ನಾಗಿ ಬೆಳೆದು ಕಿಣ್ವ ತುಂಬಿಕೊಂಡಿರುವ ಪಾಚಿಗೆ ಸ್ವಲ್ಪ ಅಮೋನಿಯಂ ಹಾಕಿ, ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆಗೆ ಮಾದರಿ ತೆಗೆದರೆ ಬಣ್ಣ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ಇಷ್ಟು ಬೇಗ ಕಿಣ್ವದ ಪ್ರೋಟೀನೇ ಮಾಯವಾಗಲಾರದು. ಇಲ್ಲಿ ನಡೆಯುವುದು ಇದ್ದ ಕಿಣ್ವಕ್ಕೆ ಬೀಗ ಹಾಕುವ ಕೆಲಸ; ವಂಶವಾಹಿಯನ್ನು ಮೌನಗೊಳಿಸಿ ಹೊಸ ಕಿಣ್ವ ತಯಾರಾಗದಂತೆ ಮಾಡುವುದೂ ಹಳೆಯದನ್ನು ಕರಗಿಸುವುದೂ ಆ ಮೇಲಿನ ಗಂಟೆಗಳ ಕೆಲಸ. ಕ್ಲೋರೆಲ್ಲಾದಲ್ಲಿ ಹೀಗೆ ಬೀಗ ಹಾಕಿಕೊಂಡ ಕಿಣ್ವಕ್ಕೆ ಸಯನೈಡ್ ಅಂಟಿಕೊಂಡಿರುತ್ತದೆ ಎಂದು ಬಿರ್ಗಿಟ್ ವೆನ್ಸ್‌ಲ್ಯಾಂಡ್ ಮತ್ತು ಲ್ಯಾರಿ ಸೊಲೊಮನ್ಸನ್ 1970ರ ದಶಕದಲ್ಲಿ ತೋರಿಸಿದರು. ಫೆರಿಸಯನೈಡ್‌ನಿಂದ ಉತ್ಕರ್ಷಿಸಿದರೆ ಆ ಬೀಗ ಕಳಚುತ್ತದೆ, ನೀಲಿ ಬೆಳಕಿಗೂ ಆ ಶಕ್ತಿಯಿದೆ. ಪಾಚಿ ತನ್ನ ಕಿಣ್ವವನ್ನು ತಾನೇ ವಿಷದಿಂದ ಕಟ್ಟಿಹಾಕಿ, ಬೇಕಾದಾಗ ಬಿಚ್ಚಿಕೊಳ್ಳುತ್ತದೆ ಎಂಬ ಮಾತನ್ನು ನಂಬಲು ನನ್ನ ವಿದ್ಯಾರ್ಥಿಗಳು ಸಿದ್ಧರಿರಲಿಲ್ಲ. ಕಪಾಟಿನಲ್ಲಿದ್ದ ಪೊಟ್ಯಾಸಿಯಂ ಫೆರಿಸಯನೈಡ್ ಹಾಕಿದ ಪ್ರನಾಳದಲ್ಲಿ ಬಣ್ಣ ಪೂರ್ತಿಯಲ್ಲದಿದ್ದರೂ ಮರಳಿ ಏರಿದ ಮೇಲೆ ಚರ್ಚೆ ಆರಂಭವಾಯಿತು, ತರಗತಿಯ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಒಂದು ಚಿಕ್ಕ ಬಾಟಲಿ ಫೆರಿಸಯನೈಡ್, ಎರಡು ಪುಟ ವಿವರಣೆ ಸೇರಿಸಿದ್ದರೆ ಈ ಕಿಟ್ ತನ್ನ ಬೆಲೆಯ ಎರಡರಷ್ಟು ಬಾಳುತ್ತಿತ್ತು.

ಯೂರಿಯಾ ಪೊಟ್ಟಣದ ವಿಚಾರದಲ್ಲಿ ಕೈಪಿಡಿಯ ಮಾತು ನೇರವಾಗಿ ತಪ್ಪು. ಯೂರಿಯಾದಲ್ಲಿ ಬೆಳೆದ ಕ್ಲೋರೆಲ್ಲಾದಲ್ಲಿ ಯೂರಿಯೇಸ್ ಕಿಣ್ವ ಏಳುತ್ತದೆ, ಅಮೋನಿಯಾ ಬಿಡುಗಡೆಯಾಗಿ ಫೀನಾಲ್ ರೆಡ್ ಸೂಚಕ ಕೆಂಪಾಗುತ್ತದೆ ಎಂದು ಅದು ಹೇಳುತ್ತದೆ. ಅದಕ್ಕಾಗಿ ಆ ಪೊಟ್ಟಣಕ್ಕೆ ನಿಕ್ಕಲ್ ಉಪ್ಪನ್ನೂ ಸೇರಿಸಿದ್ದಾರೆ. ಜೇಮ್ಸ್ ಸಮ್ನರ್ 1926ರಲ್ಲಿ ಅವರೆಯ ಜಾತಿಯ ಒಂದು ಕಾಳಿನಿಂದ ಹರಳುಗಟ್ಟಿಸಿ, ಕಿಣ್ವವೆಂದರೆ ಪ್ರೋಟೀನ್ ಎಂದು ಸಾಧಿಸಿದ್ದು ಇದೇ ಯೂರಿಯೇಸ್‌ನಿಂದ. ಅದಕ್ಕೆ ನಿಕ್ಕಲ್ ಬೇಕು ಎಂಬುದೂ ನಿಜ. ಯೂರಿಯಾ ಬಳಸುವ ಡಯಾಟಮ್ ಎಂಬ ಪಾಚಿಗಳಿಗೆ ನಿಕ್ಕಲ್ ಇಲ್ಲದಿದ್ದರೆ ಆಗುವುದಿಲ್ಲ ಎಂಬುದೂ ನಿಜ. ಆದರೆ ಕ್ಲೋರೆಲ್ಲಾ ಮತ್ತು ಕ್ಲಾಮಿಡೊಮೊನಾಸ್‌ನಂಥ ಹಸಿರು ಪಾಚಿಗಳ ದಾರಿಯೇ ಬೇರೆ. ಅವು ಯೂರಿಯಾ ಅಮಿಡೋಲೈಯೇಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಬಳಸುತ್ತವೆ. ಮೊದಲು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚು ಮಾಡಿ, ಬಯೊಟಿನ್ ಎಂಬ ವಿಟಮಿನ್ ಸಹಾಯದಿಂದ ಯೂರಿಯಾಕ್ಕೆ ಇಂಗಾಲದ ಡೈ ಆಕ್ಸೈಡ್ ಜೋಡಿಸಿ ಅಲ್ಲೋಫನೇಟ್ ಮಾಡುತ್ತವೆ, ಆ ಮೇಲೆ ಅದನ್ನು ಒಡೆದು ಅಮೋನಿಯಂ ಪಡೆಯುತ್ತವೆ. ಇದಕ್ಕೆ ನಿಕ್ಕಲ್ ಬೇಡ. ಎಟಿಪಿ ಇಲ್ಲದ, ಕೊಂದ ಕೋಶಗಳ ಪ್ರನಾಳದಲ್ಲಿ ಫೀನಾಲ್ ರೆಡ್ ಕೆಂಪಾಗಲು ಕಾರಣವೇ ಇಲ್ಲ, ಆಗಲೂ ಇಲ್ಲ. ಒಬ್ಬ ವಿದ್ಯಾರ್ಥಿನಿ ತನ್ನದೇನೋ ತಪ್ಪಾಗಿದೆ ಎಂದು ಮೂರು ಸಲ ಮಾಡಿದಳು. ಹೋಲಿಕೆಗೆಂದು ಹುರುಳಿ ಕಾಳನ್ನು ನೆನೆಸಿ ಅರೆದು ಅದೇ ಸೂಚಕಕ್ಕೆ ಹಾಕಿದಾಗ ಹತ್ತು ನಿಮಿಷದಲ್ಲಿ ಕೆಂಪಾಯಿತು. ಕಿಟ್‌ನ ಸೂಚಕ ಸರಿಯಿದೆ, ಕಿಟ್‌ನ ಸಸ್ಯಶಾಸ್ತ್ರ ಸರಿಯಿಲ್ಲ.

ಇದೇ ಯೂರಿಯಾ ಫ್ಲಾಸ್ಕಿನ ನೈಟ್ರೇಟ್ ರಿಡಕ್ಟೇಸ್ ಪರೀಕ್ಷೆಯಲ್ಲಿ ನಮಗೆ ಬಂದದ್ದು ತೀರ ನಸುಗೆಂಪು, ಅಮೋನಿಯಂಗಿಂತ ಒಂದು ಕೂದಲೆಳೆ ಮೇಲೆ. ಒಳಗೇ ಹುಟ್ಟಿ ಒಳಗೇ ಬಳಕೆಯಾಗುವ ಅಮೋನಿಯಂ ಹೊರಗಿನ ದ್ರಾವಣದಲ್ಲಿ ತುಂಬಿಕೊಂಡಿರುವ ಅಮೋನಿಯಂನಷ್ಟು ಬಿಗಿಯಾಗಿ ತಡೆಯುವುದಿಲ್ಲ ಎಂದು ಊಹಿಸಬಹುದು, ಆದರೆ ಕಿಣ್ವವನ್ನು ಎಬ್ಬಿಸುವ ನೈಟ್ರೇಟ್ ಕೂಡ ಅಲ್ಲಿಲ್ಲ. ಖರ್ಚು ಉಳಿಸಲು ರೈತರ ಯೂರಿಯಾ ಬಳಸಬಹುದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅದರಲ್ಲಿಯೂ ಶೇಕಡಾ 46 ಸಾರಜನಕವೇ ಇದೆ, ಆದರೆ ಇಂದು ಸಿಗುವ ಗೊಬ್ಬರಕ್ಕೆ ಬೇವಿನೆಣ್ಣೆ ಲೇಪವಿರುವುದರಿಂದಲೂ ಬೈಯುರೆಟ್ ಎಂಬ ಕಲಬೆರಕೆ ಉಳಿದಿರುವುದರಿಂದಲೂ ಕಿಣ್ವದ ಲೆಕ್ಕಕ್ಕೆ ಅದು ಬೇಡ.

ಸಾರಜನಕರಹಿತ ಪೊಟ್ಟಣ ಅಷ್ಟೇನೂ ರಹಿತವಲ್ಲ. ಬಿಜಿ-11ರಲ್ಲಿ ಕಬ್ಬಿಣ ಬರುವುದು ಫೆರಿಕ್ ಅಮೋನಿಯಂ ಸಿಟ್ರೇಟ್ ರೂಪದಲ್ಲಿ, ಕೋಬಾಲ್ಟ್ ಬರುವುದು ನೈಟ್ರೇಟ್ ಉಪ್ಪಾಗಿ. ಕಿಟ್‌ನವರು ಎರಡನ್ನೂ ಹಾಗೆಯೇ ಬಿಟ್ಟಿದ್ದಾರೆ. ಲೀಟರಿಗೆ ಆರು ಮಿಲಿಗ್ರಾಂ ಸಿಟ್ರೇಟಿನ ಅಮೋನಿಯಂ ಬಹಳ ಅಲ್ಪ, ನಿಜ. ಆದರೂ ಶುದ್ಧತೆ ಬೇಕೆನ್ನುವವರು ಅದರ ಬದಲು ಬರಿಯ ಫೆರಿಕ್ ಸಿಟ್ರೇಟ್ ಹಾಕುತ್ತಾರೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಸಾರಜನಕ ನಲ್ಲಿಯಿಂದಲೇ ಬಂತು. ಡಿಸ್ಟಿಲೇಷನ್ ಘಟಕ ಕೆಟ್ಟಿದ್ದ ವಾರ ಒಂದು ತಂಡ ಬೋರ್‌ವೆಲ್ ನೀರನ್ನು ಸೋಸಿ ಮಾಧ್ಯಮ ಮಾಡಿತ್ತು. ಸಾರಜನಕರಹಿತ ಫ್ಲಾಸ್ಕ್ ಚೆಂದವಾಗಿ ಹಸಿರಾಯಿತು, ಪ್ರನಾಳ ಗುಲಾಬಿಯೂ ಆಯಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಆ ಮಿತಿಯೊಳಗಿನ ನೀರಿನಲ್ಲಿಯೂ ಮುಕ್ಕಾಲು ಮಿಲಿಮೋಲಾರ್‌ನಷ್ಟು ನೈಟ್ರೇಟ್ ಇರಬಹುದು, ಕಿಣ್ವವನ್ನು ಎಬ್ಬಿಸಲು ಅದು ಧಾರಾಳ. ಗೊಬ್ಬರ ಹೆಚ್ಚು ಬೀಳುವ ಬಯಲುಸೀಮೆಯ ಹಳ್ಳಿಗಳಿಂದ ಬರುವ ನಮ್ಮ ಮಕ್ಕಳಿಗೆ ಆ ಕೆಟ್ಟ ಪ್ರಯೋಗವೇ ಬೇರೊಂದು ಯೋಜನೆಯ ವಿಷಯವಾಯಿತು. ಡಿಸ್ಟಿಲ್ಡ್ ನೀರು ಎಂದು ಪೊಟ್ಟಣದ ಮೇಲೆಯೇ ಅಚ್ಚು ಹಾಕಿಸಬೇಕು.

ತಳಿಯ ಆಯ್ಕೆಯಲ್ಲಿ ಕಿಟ್‌ನವರು ಜಾಣರು. ಕ್ಲೋರೆಲ್ಲಾದ ಬದಲು ಎಲ್ಲರೂ ಬಳಸುವ ಕ್ಲಾಮಿಡೊಮೊನಾಸ್ ಕೊಡಬಹುದಿತ್ತಲ್ಲ ಎಂದು ನನಗೂ ಮೊದಲು ಅನ್ನಿಸಿತ್ತು. ನೈಟ್ರೇಟ್ ರಿಡಕ್ಟೇಸ್‌ನ ವಂಶವಾಹಿ ಎನ್‌ಐಟಿ1, ಅದನ್ನು ಹೊತ್ತಿಸುವ ಎನ್‌ಐಟಿ2 ಇವುಗಳ ಕತೆ ಬಿಡಿಬಿಡಿಯಾಗಿ ತಿಳಿದಿರುವುದು ಕ್ಲಾಮಿಡೊಮೊನಾಸ್‌ನಲ್ಲಿಯೇ. ಆದರೆ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅತಿ ಹೆಚ್ಚು ಓಡಾಡುವ ಸಿಸಿ-125, ಸಿಸಿ-124 ತಳಿಗಳಲ್ಲಿ ಈ ಎರಡೂ ವಂಶವಾಹಿಗಳು ಕೆಟ್ಟಿವೆ, ಅವು ನೈಟ್ರೇಟಿನಲ್ಲಿ ಬೆಳೆಯುವುದೇ ಇಲ್ಲ. ಅಮೋನಿಯಂ ಇರುವ ಟ್ಯಾಪ್ ಮಾಧ್ಯಮದಲ್ಲೇ ಅವನ್ನು ಬೆಳೆಸುವುದರಿಂದ ಈ ಕುಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ನೇಹಿತರ ಪ್ರಯೋಗಶಾಲೆಯಿಂದ ತಂದ ಸಿಸಿ-125ನ್ನು ನೈಟ್ರೇಟ್ ಪೊಟ್ಟಣಕ್ಕೆ ಹಾಕಿ ಎರಡು ವಾರ ಬಿಳಿ ನೀರು ನೋಡುತ್ತ ಕುಳಿತವನು ನಾನೇ. ಕ್ಲಾಮಿಡೊಮೊನಾಸೇ ಬೇಕೆನ್ನುವವರು ನೈಟ್ರೇಟಿನಲ್ಲಿ ಬೆಳೆಯಬಲ್ಲ ಸಿಸಿ-1690 ತಳಿ ತರಿಸಿಕೊಳ್ಳಲಿ.

ಇಲ್ಲದ್ದನ್ನೂ ಹೇಳಬೇಕು. ಕಿಟ್ ಒಂದೇ ಕಿಣ್ವವನ್ನು ಅಳೆಯುತ್ತದೆ, ಆದ್ದರಿಂದ ಅಮೋನಿಯಂ ಎಂದರೆ ಬರಿಯ ತಡೆ ಎಂಬ ಭಾವನೆ ಮಕ್ಕಳಲ್ಲಿ ಉಳಿಯುತ್ತದೆ. ಕ್ಲೋರೆಲ್ಲಾ ಸೊರೊಕಿನಿಯಾನಾದ ಹರಿತ್ಕಣದಲ್ಲಿರುವ, ಎನ್‌ಎಡಿಪಿಎಚ್ ಎಂಬ ಎಲೆಕ್ಟ್ರಾನ್ ವಾಹಕವನ್ನು ಬಳಸುವ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಅಮೋನಿಯಂ ಬಂದಾಗಲೇ ಏಳುವ ಕಿಣ್ವ. ಅದನ್ನು ಅಳೆಯಲು 340 ನ್ಯಾನೋಮೀಟರ್ ಓದುವ ಯಂತ್ರ ಬೇಕು, ಕಲರಿಮೀಟರಿಗೆ ಅದು ದಕ್ಕುವುದಿಲ್ಲ, ಒಪ್ಪುತ್ತೇನೆ. ಆದರೆ ಗ್ಲುಟಮಿನ್ ಸಿಂಥೆಟೇಸ್‌ನ ಪರೀಕ್ಷೆಯೊಂದರಲ್ಲಿ ಹೈಡ್ರಾಕ್ಸಿಲಮೀನ್ ಮತ್ತು ಫೆರಿಕ್ ಕ್ಲೋರೈಡ್‌ನಿಂದ ಬರುವ ಕಂದು ಬಣ್ಣವನ್ನು ನಮ್ಮ 540ರ ಫಿಲ್ಟರಿನಲ್ಲಿಯೇ ಓದಬಹುದು. ಅದೊಂದನ್ನು ಸೇರಿಸಿದ್ದರೆ ಒಂದೇ ಪಾಚಿಯಲ್ಲಿ ಎರಡು ಕಿಣ್ವಗಳು ಬೇರೆ ಬೇರೆ ಮಟ್ಟದಲ್ಲಿ ನಿಲ್ಲುವುದು ಕಾಣುತ್ತಿತ್ತು.

ಆಹಾರವಾಗಿ ಬಳಸುವ ನೀಲಿ-ಹಸಿರು ಪಾಚಿಯಾದ ಸ್ಪೈರುಲಿನಾ ಬೆಳೆಸುವವರಿಗೂ ಈ ಕಿಟ್ ಉಪಯುಕ್ತ ಎಂದು ಪೆಟ್ಟಿಗೆಯ ಮೇಲಿರುವ ಮಾತನ್ನು ದಯವಿಟ್ಟು ನಂಬಬೇಡಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಸ್ಪೈರುಲಿನಾ ಬೇಸಾಯದ ಮೇಲೆ ಕೆಲಸ ಆರಂಭಿಸಿದ ಕಾರಣ ನಮ್ಮಲ್ಲಿ ಅದನ್ನು ತೊಟ್ಟಿಗಳಲ್ಲಿ ಬೆಳೆಸುವವರು ಇದ್ದಾರೆ, ಅವರ ಪ್ರಶ್ನೆಗಳು ನನಗೂ ಬರುತ್ತವೆ. ಅವರು ಬಳಸುವ ಜರೂಕ್ ಮಾಧ್ಯಮದಲ್ಲಿ ಲೀಟರಿಗೆ 16.8 ಗ್ರಾಂ ಅಡಿಗೆ ಸೋಡಾ, 2.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತವೆ. ಪಿಎಚ್ ಹತ್ತರ ಆಸುಪಾಸು. ಅಷ್ಟು ಕ್ಷಾರದಲ್ಲಿ ಅಮೋನಿಯಂನ ಶೇಕಡಾ 85ರಷ್ಟು ಅಮೋನಿಯಾ ಅನಿಲವಾಗಿ ಬದಲಾಗಿರುತ್ತದೆ. ಅದು ಕೋಶಕ್ಕೆ ವಿಷ. ಈ ಪೊಟ್ಟಣದ ಅಮೋನಿಯಂ ಪ್ರಮಾಣವನ್ನು ತೊಟ್ಟಿಗೆ ಹಾಕಿದರೆ ಕಿಣ್ವದ ನಿಯಂತ್ರಣ ನೋಡುವುದಿರಲಿ, ಮರುದಿನ ಬೆಳಿಗ್ಗೆ ಹಳದಿ ನೀರು ಉಳಿಯುತ್ತದೆ. ಸ್ಪೈರುಲಿನಾದಲ್ಲಿ ಯೂರಿಯೇಸ್ ಇರುವುದರಿಂದ ಯೂರಿಯಾವೂ ಅದೇ ದಾರಿ ಹಿಡಿಯಬಹುದು. ಬಳಸುವವರು ದಿನಕ್ಕಿಷ್ಟೇ ಎಂದು ಚಿಟಿಕೆ ಲೆಕ್ಕದಲ್ಲಿ ಹಾಕುವುದು ಅದಕ್ಕಾಗಿಯೇ.

ಎನ್‌ಇಡಿ ಬಾಟಲಿಯ ದೂರಿನ ಜೊತೆಗೆ ನಾನು ಬಫರ್, ಯೂರಿಯೇಸ್ ಮತ್ತು ಮಿಶ್ರಣದ ಪ್ರಮಾಣದ ಬಗ್ಗೆಯೂ ಎರಡು ಪುಟದ ಪತ್ರ ಕಳಿಸಿದ್ದೆ. ಮುಂದಿನ ಮುದ್ರಣದಲ್ಲಿ ಕೈಪಿಡಿ ತಿದ್ದುತ್ತೇವೆ ಎಂದು ಒಂದು ಸಾಲಿನ ಉತ್ತರ ಬಂದಿದೆ, ಪೊಟ್ಟಣಗಳ ಬಗ್ಗೆ ಮಾತಿಲ್ಲ. ಬರುವ ಸೆಮಿಸ್ಟರಿಗೆ ಇಡೀ ಪೆಟ್ಟಿಗೆಯನ್ನು ಮತ್ತೆ ತರಿಸುವುದಿಲ್ಲ. ಅವರು ಬಿಡಿಯಾಗಿ ಮಾರುವ ನೈಟ್ರೇಟ್ ಪೊಟ್ಟಣ ಹತ್ತು, ಬಣ್ಣದ ದ್ರಾವಣಗಳ ಜೋಡಿ ಒಂದು, ಕ್ಲೋರೆಲ್ಲಾ ಪ್ರನಾಳ ಒಂದು ಬರೆದು ಕಳಿಸಿದ್ದೇನೆ. ಅಮೋನಿಯಂ ಕ್ಲೋರೈಡ್, ಹೆಪೀಸ್, ಫೆರಿಸಯನೈಡ್ ನಮ್ಮ ಕಪಾಟಿನಲ್ಲಿವೆ. ಎನ್‌ಇಡಿಯನ್ನು ಕಂದು ಬಾಟಲಿಯಲ್ಲೇ ಕಳಿಸಬೇಕೆಂದು ಆರ್ಡರಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.